ಟವೆಲ್ಲಿನ ಮೂರು ನಿಮಿಷ

ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ಲು ಎಸೆಯುವುದು ಕಲೆಯೋ ಕಾನೂನೋ ಎಂಬ ಪ್ರಶ್ನೆಯನ್ನು ನಾನು ಬಹಳ ವರ್ಷಗಳಿಂದ ಯೋಚಿಸುತ್ತ ಬಂದಿದ್ದೇನೆ. ಯೋಚಿಸಲು ಇದಕ್ಕಿಂತ ಘನವಾದ ವಿಷಯಗಳಿಲ್ಲವೆಂದಲ್ಲ; ಆದರೆ ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ದಿನವೂ ಹೋಗಿಬಂದು ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದ ಮನುಷ್ಯನಿಗೆ ಘನವಾದ ವಿಷಯಗಳು ಹೊಳೆಯುವುದು ಸೀಟು ಸಿಕ್ಕ ಮೇಲೆಯೇ, ಮತ್ತು ಸೀಟು ಸಿಗುವುದು ಟವೆಲ್ಲಿನಿಂದಲೇ. ಹಾಗಾಗಿ ನನ್ನ ತತ್ತ್ವಚಿಂತನೆಯೆಲ್ಲ ಒಂದು ಮೊಳ ಬಟ್ಟೆಯ ಋಣದಲ್ಲಿದೆ.

ಮೊಬೈಲಿನಲ್ಲಿ ಬೆರಳೊತ್ತಿ ಸೀಟು ಕಾಯ್ದಿರಿಸುವ ಊರಿನವರು ನೀವಾಗಿದ್ದರೆ ನಿಮಗಾಗಿ ಸ್ವಲ್ಪ ವಿವರಿಸುತ್ತೇನೆ. ಬಸ್ಸು ನಿಲ್ದಾಣದೊಳಕ್ಕೆ ತಿರುಗಿದ ಕೂಡಲೇ, ಅದು ನಿಲ್ಲುವುದಕ್ಕೂ ಮೊದಲೇ, ಅದರ ಪಕ್ಕದಲ್ಲಿ ಓಡುತ್ತ, ತೆರೆದ ಕಿಟಕಿಯೊಂದನ್ನು ಗುರುತಿಸಿ, ಹೆಗಲ ಮೇಲಿನ ಟವೆಲ್ಲನ್ನು ಒಳಗೆ ಒಗೆಯಬೇಕು. ಅದು ಯಾವ ಸೀಟಿನ ಮೇಲೆ ಬೀಳುತ್ತದೋ ಆ ಸೀಟು ನಿಮ್ಮದು. ಆಮೇಲೆ ನೀವು ಸಾವಕಾಶವಾಗಿ ಚಹಾ ಮುಗಿಸಿ, ಬಾಗಿಲಲ್ಲಿ ನೂಕಾಡುವ ಜನರ ಹಿಂದೆ ನಿಂತು, ಕಟ್ಟಕಡೆಯವರಾಗಿ ಹತ್ತಿದರೂ ಅದು ನಿಮಗಾಗಿ ಖಾಲಿಯೇ ಇರುತ್ತದೆ. ಈ ಶಾಸನಕ್ಕೆ ಲಿಖಿತ ಪಠ್ಯವಿಲ್ಲ, ಆದರೆ ಸೂಕ್ಷ್ಮಗಳಿವೆ. ಎಸೆದ ವಸ್ತು ಒಡೆಯನಿಗೆ ಮತ್ತೆ ಬೇಕಾಗುವಂಥದ್ದಾಗಿರಬೇಕು. ಟವೆಲ್ಲು, ಕರವಸ್ತ್ರ, ಬುತ್ತಿಚೀಲ ನಡೆಯುತ್ತವೆ, ಓದಿ ಮುಗಿಸಿದ ಪತ್ರಿಕೆ ನಡೆಯುವುದಿಲ್ಲ. ಒಂದೇ ಸೀಟಿನ ಮೇಲೆ ಎರಡು ಟವೆಲ್ಲು ಬಿದ್ದರೆ ಕೆಳಗಿರುವುದೇ ಹಿರಿಯದು, ಮೇಲಿನದರ ಒಡೆಯ ಸುಮ್ಮನೆ ನಿಲ್ಲಬೇಕು. ಹೆಣ್ಣುಮಕ್ಕಳಿಗೆ ಟಿಕೆಟು ಉಚಿತವಾದ ಮೇಲೆ ದುಪಟ್ಟಾ, ವ್ಯಾನಿಟಿ ಬ್ಯಾಗು, ಒಮ್ಮೆ ನನ್ನ ಕಣ್ಣೆದುರಿಗೇ ಕಂಕುಳ ಕೂಸಿನ ಕುಲಾವಿಯೂ ಈ ಪಟ್ಟಿಗೆ ಸೇರಿದವು. ಎಲ್ಲಕ್ಕಿಂತ ಮುಖ್ಯವಾದ ಕಲಮು ಒಂದೇ: ಇನ್ನೊಬ್ಬರ ಟವೆಲ್ಲನ್ನು ಎತ್ತಬಾರದು. ಹೊಲದ ಬದುವಿಗಾಗಿ ಒಡಹುಟ್ಟಿದವರ ಮೇಲೆಯೇ ಕೋರ್ಟಿಗೆ ಹೋದವರೂ ಗೇಣಗಲದ ಕರವಸ್ತ್ರದ ಮುಂದೆ ವಿನಯದಿಂದ ನಿಂತಿರುವುದನ್ನು ನಾನು ಕಂಡಿದ್ದೇನೆ, ಕಂಡು ನಮ್ಮ ಸೀಮೆಯ ಜನರ ಬಗ್ಗೆ ಹೆಮ್ಮೆಪಟ್ಟಿದ್ದೇನೆ.

ಆ ಹೆಮ್ಮೆಗೆ ತೆತ್ತ ದಂಡವನ್ನೂ ಹೇಳಿಬಿಡಬೇಕು. ಒಂದು ಮುಂಜಾನೆ ನನ್ನ ಹಳೆಯ ಬಿಳಿ ಟವೆಲ್ಲು ಒಗೆಯಲು ಹೋಗಿತ್ತು. ನನ್ನ ಹೆಂಡತಿ ಸರೋಜ ಅದರ ಬದಲಿಗೆ ಕೆಂಪು ಚೌಕಳಿಯ ಹೊಸದೊಂದನ್ನು ಹೆಗಲಿಗೆ ಹಾಕಿ ಕಳಿಸಿದ್ದಳು. ನಾನು ಎಂದಿನಂತೆ ಓಡಿದೆ, ಎಸೆದೆ, ಚಹಾ ಕುಡಿದೆ, ಹತ್ತಿದೆ. ಒಳಗೆ ನೋಡಿದರೆ ನನ್ನ ಬಿಳಿ ಟವೆಲ್ಲು ಎಲ್ಲಿಯೂ ಇಲ್ಲ. ಖಾಲಿಯಿದ್ದ ಒಂದೇ ಒಂದು ಸೀಟಿನ ಮೇಲೆ ಯಾರದೋ ಕೆಂಪು ಚೌಕಳಿಯ ಟವೆಲ್ಲು ಮಲಗಿತ್ತು. ಕಾನೂನು ಬಲ್ಲವನಾದ ನಾನು ಅದರ ಪಕ್ಕದಲ್ಲಿ ಕಂಬಿ ಹಿಡಿದು ಕೊಟ್ಟೂರಿನವರೆಗೂ ನಿಂತೆ. ನಿಂತದ್ದಲ್ಲದೆ, ಕುಳಿತುಕೊಳ್ಳಲು ಬಂದ ಇಬ್ಬರನ್ನು, ಯಾರದೋ ಇದೆ, ಬರುತ್ತಾರೆ ಎಂದು ತಡೆದೆ. ಊರು ಬಂದು ಬಸ್ಸು ಖಾಲಿಯಾದಾಗ ಕಂಡಕ್ಟರು ಟವೆಲ್ಲನ್ನು ಕೈಯಲ್ಲಿ ಹಿಡಿದು ಇದು ಯಾರದೆಂದು ಕೇಳಿದ. ಅದರ ಒಡೆಯ ಪಾಪ ಬಸ್ಸು ತಪ್ಪಿಸಿಕೊಂಡಿರಬೇಕು, ಮರಳಿ ಹೋದಾಗ ಹುಡುಕಿ ಕೊಟ್ಟುಬಿಡಿ ಎಂದು ನಾನು ಧರ್ಮೋಪದೇಶ ಮಾಡುತ್ತಿರುವಾಗ, ಬಾಗಿಲ ಬಳಿ ನಿಂತಿದ್ದ ದುರುಗಪ್ಪನವರು ಹತ್ತಿರ ಬಂದು, ಅದು ನಿಮ್ಮದೇ, ನೀವು ಎಸೆಯುವಾಗ ನಾನು ನೋಡಿದ್ದೇನೆ ಎಂದು ಮೆಲ್ಲಗೆ ಹೇಳಿದರು. ಮತ್ತೆ ದಾರಿಯುದ್ದಕ್ಕೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮಗೂ ನಿಂದ್ರಬೇಕು ಅನ್ಸಿರಬಹುದು ಅಂತ ಸುಮ್ನಾದೆ ಮೇಷ್ಟ್ರ" ಎಂದರು.

ದುರುಗಪ್ಪನವರು ನಮ್ಮ ಶಾಲೆಯ ಗುಮಾಸ್ತ ಹನುಮಂತಪ್ಪನ ತಂದೆ. ತೆಲಿಗಿಯ ಕಡೆಯ ಒಂದು ಹಳ್ಳಿಯವರು. ಹರಪನಹಳ್ಳಿಯ ಕಚೇರಿಯೊಂದರಲ್ಲಿ ಜವಾನರಾಗಿದ್ದು, ನಿವೃತ್ತಿಯಾದ ಮೇಲೆ ಮಗನೊಂದಿಗೆ ಬಂದು ನಮ್ಮ ಬೀದಿಯಲ್ಲೇ ನೆಲೆಸಿದವರು. ಮಗಳನ್ನು ಕೊಟ್ಟೂರಿಗೆ ಕೊಟ್ಟಿದ್ದರಿಂದ ವಾರಕ್ಕೆರಡು ಸಲವಾದರೂ ನನ್ನ ಬಸ್ಸಿಗೇ ಬರುತ್ತಿದ್ದರು. ಬಂದವರು ಎಂದೂ ಕುಳಿತವರಲ್ಲ. ಬಸ್ಸು ಅರ್ಧಕ್ಕರ್ಧ ಖಾಲಿಯಿದ್ದರೂ ಮುಂಬಾಗಿಲ ಪಕ್ಕದ ಕಂಬಿ ಹಿಡಿದು ನಿಲ್ಲುವರು. ಬನ್ನಿ ಕುಳಿತುಕೊಳ್ಳಿ ಎಂದು ನಾನು ಒಂದೆರಡು ಸಲ ಕರೆದದ್ದುಂಟು. "ಇರ್ಲಿ ಬಿಡ್ರಿ, ಇಲ್ಲಿ ಗಾಳಿ ಬರತೈತಿ" ಎಂಬುದು ಅವರ ಉತ್ತರ. ನಾನು ಕಿಟಕಿಯ ಪಕ್ಕದಲ್ಲಿ ಕುಳಿತು, ನಿಜವಾದ ಗಾಳಿಯನ್ನು ಮುಖಕ್ಕೆ ತೆಗೆದುಕೊಳ್ಳುತ್ತ, ಅವರ ಮಾತನ್ನು ಒಪ್ಪಿಕೊಂಡು, ಪಕ್ಕದ ಖಾಲಿ ಸೀಟಿನ ಮೇಲೆ ನನ್ನ ಚೀಲವನ್ನು ಇಟ್ಟುಕೊಳ್ಳುತ್ತಿದ್ದೆ. ಎಪ್ಪತ್ತು ದಾಟಿದರೂ ನಿಂತೇ ಪ್ರಯಾಣ ಮಾಡುವ ಅವರ ದೇಹದಾರ್ಢ್ಯವನ್ನು ಶಿಕ್ಷಕರ ಕೊಠಡಿಯಲ್ಲಿ ಎಷ್ಟು ಸಲ ಹೊಗಳಿದ್ದೇನೋ ಲೆಕ್ಕವಿಲ್ಲ.

ಇಷ್ಟು ಪೀಠಿಕೆಯಾದ ಮೇಲೆ ಸಿನಿಮಾದ ವಿಷಯಕ್ಕೆ ಬರುತ್ತೇನೆ. ಹನುಮಂತಪ್ಪನ ಮಗಳು ಯಶೋಧರಾ. ತಂದೆ ಬುದ್ಧನ ದಾರಿ ಹಿಡಿದ ಮೇಲೆ ಹುಟ್ಟಿದವಳಾದ್ದರಿಂದ ಆ ಹೆಸರು, ಕೇರಿಯವರ ಬಾಯಲ್ಲಿ ಯಶು. ದಾವಣಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರಿನಿಂದ ಬೊಂಬೆ ಕುಣಿಸುವ ವಿದ್ಯೆ ಕಲಿಯುತ್ತಿದ್ದಾಳೆ. ಹೋದ ಬೇಸಿಗೆಯ ಒಂದು ಭಾನುವಾರ ಲ್ಯಾಪ್‌ಟಾಪನ್ನೂ ಒಂದು ಉದ್ದನೆಯ ನೋಟುಬುಕ್ಕನ್ನೂ ಹಿಡಿದು ನಮ್ಮ ಮನೆಗೆ ಬಂದಳು. ನಾನು ದೊಡ್ಡ ಕತೆಗಾರನೆಂಬ ಸುಳ್ಳುಸುದ್ದಿಯನ್ನು ಅವಳಪ್ಪ ಹಬ್ಬಿಸಿದ್ದ. ಕೊನೆಯ ವರ್ಷದ ವಿದ್ಯಾರ್ಥಿಗಳು ಮೂರು ನಿಮಿಷದ ಅನಿಮೇಷನ್ ಚಿತ್ರ ಮಾಡಬೇಕು. ಮಾಡುವ ಮೊದಲು ಅದರ ಕಾನ್ಸೆಪ್ಟನ್ನು ಒಂದು ಪುಟದಲ್ಲಿ ಬರೆದು, ಚಿತ್ರಗಳ ಸಮೇತ ಅಧ್ಯಾಪಕರ ಮುಂದೆ ಒಪ್ಪಿಸಬೇಕು. ಎಲ್ಲರದೂ ಆಯ್ಕೆಯಾಗುವುದಿಲ್ಲ. ಆಗದವರು ಆದವರ ಚಿತ್ರಕ್ಕೆ ಕೈಯಾಳುಗಳಾಗಬೇಕು. ಹಿಂದಿನ ವರ್ಷ ಇಂಥದೇ ಅಭ್ಯಾಸಚಿತ್ರವೊಂದರಲ್ಲಿ ಅವಳ ಪಾಲಿಗೆ ಬಂದದ್ದು ಹುಲ್ಲು. ಸಹಪಾಠಿಯೊಬ್ಬನ ನಾಯಕ ಓಡಾಡುವ ಬಯಲಿನಲ್ಲಿ ಅವಳು ಆರು ತಿಂಗಳು ಹುಲ್ಲು ನೆಟ್ಟಳು. ಚಿತ್ರದ ಕೊನೆಯಲ್ಲಿ ಅವಳ ಹೆಸರು ಬಂತಂತೆ, ಆದರೆ ಓದುವುದರೊಳಗೆ ಹೋಯಿತಂತೆ.

"ಈ ಸಲಾನೂ ಹುಲ್ಲು ಹಚ್ಚಾಕ ನನ್ನ ಕೈಲಿ ಆಗಂಗಿಲ್ರಿ ಸರ್" ಎಂದಳು. ಹುಡುಗಿ ನಗುತ್ತಲೇ ಹೇಳಿದಳು; ಆದರೆ ನೋಟುಬುಕ್ಕಿನ ಅಂಚನ್ನು ಹಿಡಿದ ಬೆರಳುಗಳು ನಗುತ್ತಿರಲಿಲ್ಲ.

ನಾನು ಕನ್ನಡಕ ಏರಿಸಿದೆ. ಮೂರು ನಿಮಿಷಕ್ಕೆ ಕತೆ ಕೊಡುವುದು ಎಷ್ಟರ ಕೆಲಸ ಎಂದುಕೊಂಡು, ಮೊದಲಿಗೆ ಹರಪನಹಳ್ಳಿಯ ಪಾಳೆಯಗಾರರನ್ನು ಕರೆತಂದೆ. ಕೋಟೆಯ ಬಾಗಿಲು ತೆರೆಯುತ್ತದೆ, ಸಾವಿರ ಕುದುರೆಗಳು ಧೂಳೆಬ್ಬಿಸುತ್ತ ಹೊರಗೆ ಬರುತ್ತವೆ. ಯಶು ಮರ್ಯಾದೆಯಿಂದ ಕೇಳಿ, ಒಂದು ಕುದುರೆಯ ನಾಲ್ಕು ಕಾಲನ್ನು ನಡೆಸಲಿಕ್ಕೇ ತನಗೆ ಒಂದು ತಿಂಗಳು ಬೇಕೆಂದಳು. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಅವಳ ಲ್ಯಾಪ್‌ಟಾಪಿಗೆ ಒಂದೊಂದು ಚಿತ್ರ ಬೇಯಿಸಲೂ ಒಂದು ಕುಕ್ಕರ್ ಅನ್ನ ಆಗುವಷ್ಟು ಹೊತ್ತು. ಸಾವಿರ ಕುದುರೆಗಳನ್ನು ಕೋಟೆಯೊಳಕ್ಕೆ ತಿರುಗಿ ಕಳಿಸಿ, ಹಡಗಲಿಯ ಮಲ್ಲಿಗೆ ತೋಟಕ್ಕೆ ಹೋದೆ. ಮೊಗ್ಗುಗಳು ಮಾತಾಡಿಕೊಳ್ಳುತ್ತವೆ, ಮಾಲೆಯಾಗಿ ಒಬ್ಬ ಹುಡುಗಿಯ ಮುಡಿ ಸೇರುತ್ತವೆ. ಮುಡಿಯೆಂದರೆ ಕೂದಲು, ಕೂದಲು ನಿಷಿದ್ಧ ಎಂದಳು. ಆಮೇಲೆ ತುಂಗಭದ್ರೆಗೆ ಇಳಿದೆ. ನೀರೂ ನಿಷಿದ್ಧ. ಬೇರೆ ಗತಿ ಕಾಣದೆ ಕೂಡ್ಲಿಗಿಯ ಗುಡ್ಡದಿಂದ ಒಂದು ಕರಡಿಯನ್ನು ಹಿಡಿದು ತಂದಾಗ ಅವಳು ಪೆನ್ನು ಕೆಳಗಿಟ್ಟು, "ಸರ್, ಕರಡಿ ಅಂದ್ರ ಮೈತುಂಬ ಕೂದ್ಲಲ್ರಿ" ಎಂದಳು. ಕೂದಲು, ನೀರು, ಬಟ್ಟೆ, ಜನಜಂಗುಳಿ: ಕಂಪ್ಯೂಟರಿನಲ್ಲಿ ಅಲುಗಾಡಿಸಲು ತೀರ ಕಷ್ಟವಾದ ಈ ನಾಲ್ಕನ್ನು ವಿದ್ಯಾರ್ಥಿಗಳು ಮುಟ್ಟಬಾರದೆಂದು ಅವಳ ಅಧ್ಯಾಪಕರು ಮೊದಲೇ ಎಚ್ಚರಿಸಿದ್ದರಂತೆ. ಕೇಶರಾಶಿಯೂ ಜಲಕೇಳಿಯೂ ಸೆರಗಿನ ಗಾಳಿಯೂ ಇಲ್ಲದೆ ಕಾವ್ಯವೆಂಬುದು ಉಳಿಯುವುದಾದರೂ ಹೇಗೆ ಎಂದು, ಅಲಂಕಾರಶಾಸ್ತ್ರವನ್ನು ಇಷ್ಟು ವರ್ಷ ಪಾಠ ಮಾಡಿದ ನಾನು ಮಂಕಾಗಿ ಕುಳಿತೆ.

ನನ್ನನ್ನು ಇನ್ನೂ ಕುಗ್ಗಿಸಿದ ಮಾತೊಂದನ್ನು ಅವಳು ಆಗಲೇ ಹೇಳಿದ್ದು. ಕಾನ್ಸೆಪ್ಟ್ ಎಂದರೆ ಕತೆಯಲ್ಲ, ಆ ಕತೆ ಯಾಕೆ ಬೇಕು ಎನ್ನುವುದು. ನಾನು ಬರೆದ, ಪ್ರಕಟವಾದ ಮತ್ತು ತಿರಸ್ಕೃತವಾದ ಎಲ್ಲ ಕತೆಗಳನ್ನೂ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಈ ಪ್ರಶ್ನೆ ಕೇಳಿದೆ. ಯಾವುದೂ ತಲೆಯೆತ್ತಲಿಲ್ಲ.

ಒಳಗಿನಿಂದ ಚಹಾ ತಂದ ಸರೋಜ, "ನಿಮ್ಮ ಟವೆಲ್ ಕತಿ ಹೇಳ್ರಿ, ಅದ್ರಾಗ ಕುದ್ರಿ ಇಲ್ಲ, ಕರಡಿ ಇಲ್ಲ" ಎಂದು ಹೇಳಿ ಹೋದಳು. ಹೇಳಿದೆ. ಹುಡುಗಿ ಬಿದ್ದುಬಿದ್ದು ನಕ್ಕಳು, ನಗುತ್ತಲೇ ನೋಟುಬುಕ್ಕು ತೆರೆದು ಒಂದು ಸೀಟು, ಅದರ ಮೇಲೊಂದು ಟವೆಲ್ಲು, ಪಕ್ಕದಲ್ಲಿ ಕಂಬಿ ಹಿಡಿದು ನಿಂತ ಒಬ್ಬ ಬೊಕ್ಕತಲೆಯವನನ್ನು ಗೀಚಿದಳು. ಬೊಕ್ಕತಲೆಯಿಂದ ಎಷ್ಟು ಉಳಿತಾಯವೆಂದು ಅವಳು ಸಂತೋಷಪಟ್ಟಿದ್ದು ನನಗೆ ಅಷ್ಟೇನೂ ಸೇರಲಿಲ್ಲ. ಬಟ್ಟೆ ನಿಷಿದ್ಧವಲ್ಲವೇ ಎಂದು ನಾನೇ ನೆನಪಿಸಿದೆ. ಸುಮ್ಮನೆ ಬಿದ್ದಿರುವ ಟವೆಲ್ಲು ಬಟ್ಟೆಯಲ್ಲ, ಹಲಗೆಯಂತೆ, ಅಲುಗಾಡಿದರೆ ಮಾತ್ರ ತೊಂದರೆ ಎಂದಳು. ಆ ರಾತ್ರಿ ನಾನು ಚಿತ್ರಕಥೆಗಾರನಾಗಿ ಮಲಗಿದೆ. ಪರದೆಯ ಮೇಲೆ ನನ್ನ ಹೆಸರು ಎಷ್ಟು ಹೊತ್ತು ಇರಬೇಕು ಎಂಬುದನ್ನೂ ತೀರ್ಮಾನಿಸಿದ್ದೆ.

ಎರಡು ದಿನ ಬಿಟ್ಟು ಯಶು ಮತ್ತೆ ಬಂದಾಗ ಅವಳ ಮುಖ ಬೇರೆಯಾಗಿತ್ತು. ಚಿತ್ರಗಳನ್ನೆಲ್ಲ ಚೊಕ್ಕವಾಗಿ ಬರೆದು ಮನೆಯವರ ಮುಂದೆ ಹರಡಿದ್ದಳಂತೆ. ಎಲ್ಲರೂ ನಕ್ಕರು, ಅಜ್ಜನೂ ನಕ್ಕರು. ನಕ್ಕಾದ ಮೇಲೆ ದುರುಗಪ್ಪನವರು ಒಂದೊಂದೇ ಹಾಳೆಯನ್ನು ಕೈಗೆತ್ತಿಕೊಂಡು ನೋಡಿ, ಇಷ್ಟು ಜನ ನಿಂತಿದ್ದಾರಲ್ಲ, ಈ ಟವೆಲ್ಲನ್ನು ಒಬ್ಬರೂ ಎತ್ತುವುದಿಲ್ಲವೇ ಎಂದು ಕೇಳಿದರು. ಎತ್ತಬಾರದು ಅಜ್ಜ, ಅದೇ ರೂಲು, ಅದರ ಮೇಲೇ ಸಿನಿಮಾ ನಿಂತಿದೆ ಎಂದಳು ಯಶು.

"ನಂದು ಎತ್ತಿದ್ರವ್ವಾ" ಎಂದರಂತೆ ಅವರು.

ಮನೆಯಲ್ಲಿ ಯಾರಿಗೂ, ಹನುಮಂತಪ್ಪನಿಗೂ, ಅದುವರೆಗೆ ಗೊತ್ತಿರಲಿಲ್ಲ. ದುರುಗಪ್ಪನವರಿಗೆ ನೌಕರಿ ಸಿಕ್ಕ ಹೊಸತು. ಕಚೇರಿಯ ಖಾಕಿ ಅಂಗಿಯ ಮೇಲೆ ಹೊಸ ಟವೆಲ್ಲು ಹಾಕಿಕೊಂಡು ಹರಪನಹಳ್ಳಿಗೆ ಹೋಗುವ ಬಸ್ಸಿಗೆ ಕಾದಿದ್ದರು. ಎಲ್ಲರೂ ಎಸೆದರು, ಇವರೂ ಎಸೆದರು. ಬಟ್ಟೆಗೆ ಕೇರಿಯ ಗುರುತಿರುವುದಿಲ್ಲವಾದ್ದರಿಂದ, ಬಸ್ಸಿನೊಳಗಿದ್ದವರೆಲ್ಲ ಅದರ ಮರ್ಯಾದೆ ಕಾದು ಸೀಟನ್ನು ಖಾಲಿ ಬಿಟ್ಟಿದ್ದರು. ಇವರು ಹತ್ತಿ, ಸೀಟಿನ ಸಮೀಪಕ್ಕೆ ಬರುವ ಹೊತ್ತಿಗೆ, ಇವರನ್ನು ಬಲ್ಲ ಒಬ್ಬರು ಅದು ಯಾರದೆಂದು ತಿಳಿದು, ಕೈಯಲ್ಲಿದ್ದ ಛತ್ರಿಯ ತುದಿಯಿಂದ ಟವೆಲ್ಲನ್ನು ಎತ್ತಿ ಕೆಳಗೆ ಬಿಟ್ಟರು. ಬಯ್ಯಲಿಲ್ಲ, ಗದರಲಿಲ್ಲ, ಇವರ ಕಡೆ ತಿರುಗಿಯೂ ನೋಡಲಿಲ್ಲ. ಆ ಸೀಟಿನಲ್ಲಿ ಇನ್ನೊಬ್ಬರು ಕುಳಿತರು. ದುರುಗಪ್ಪನವರು ಟವೆಲ್ಲನ್ನು ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿಗೆ ಹೋಗಿ ನಿಂತರು. ಅಂದಿನಿಂದ ಅವರು ಬಸ್ಸಿನಲ್ಲಿ ಟವೆಲ್ಲು ಎಸೆದಿಲ್ಲ, ಕುಳಿತೂ ಇಲ್ಲ.

ಯಶು ಇಷ್ಟನ್ನು ವರದಿ ಒಪ್ಪಿಸುವಂತೆ ಹೇಳಿ ಮುಗಿಸಿದಳು. ನನಗೆ ನೆನಪಾದದ್ದು ನನ್ನ ಚೀಲ. ಎರಡು ಪುಸ್ತಕ, ಒಂದು ಊಟದ ಡಬ್ಬಿ ಇರುವ ಚೀಲ. ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದಿತ್ತು. ಮೂರನೆಯ ಸಲ ಕರೆಯಬಹುದಿತ್ತು, ಎದ್ದು ಹೋಗಿ ಕೈ ಹಿಡಿದು ಕೇಳಬಹುದಿತ್ತು. ಗಾಳಿ ಬರುತ್ತದೆ ಎಂಬ ಉತ್ತರ ನನಗೆ ಅನುಕೂಲವಾಗಿತ್ತು, ಅದಕ್ಕೇ ನಂಬಿದೆ. ನಾಚಿಕೆಯಾಯಿತು ಎಂದಷ್ಟೇ ಬರೆಯುತ್ತೇನೆ. ಇದಕ್ಕೆ ಸಮಾಸಪದಗಳನ್ನು ಹುಡುಕಲು ಮನಸ್ಸಿಲ್ಲ. ನಿಮಗೂ ನಿಂದ್ರಬೇಕು ಅನ್ಸಿರಬಹುದು ಎಂದು ಅಂದು ಅವರು ಹೇಳಿದ ಮಾತು ಎಷ್ಟೋ ವರ್ಷಗಳ ಮೇಲೆ ಆ ದಿನ ನನಗೆ ಅರ್ಥವಾಯಿತು.

ಹಾಗಾಗಿ ನನ್ನ ಹಾಸ್ಯಚಿತ್ರ ಅಲ್ಲಿಗೆ ಮುಗಿಯಿತು, ಬೇರೊಂದು ಶುರುವಾಯಿತು. ಅಜ್ಜನ ಕತೆ ಮಾಡುತ್ತೇನೆಂದಾಗ ದುರುಗಪ್ಪನವರು ಎರಡು ದಿನ ಒಪ್ಪಲಿಲ್ಲವಂತೆ. ಆಮೇಲೆ ಒಂದು ಷರತ್ತು ಹಾಕಿದರು: "ಟವೆಲ್ ತೋರ್ಸು. ನನ್ನ ಮುಖ ಬ್ಯಾಡ." ಯಶು ಆ ಷರತ್ತನ್ನು ಹಿಡಿದು ಒಂದು ಸಂಜೆಯೆಲ್ಲ ಕುಳಿತಳು. ಅಜ್ಜನ ಮುಖ ಬೇಡವೆಂದರೆ ಯಾರ ಮುಖವೂ ಬೇಡ ಎಂದು ತೀರ್ಮಾನಿಸಿದಳು. ಕ್ಯಾಮರಾ ಸೀಟಿನ ಎತ್ತರದಲ್ಲೇ ಇರುತ್ತದೆ. ಕಾಣುವುದು ಕೈಗಳು, ಚೀಲಗಳು, ಛತ್ರಿ, ಕಾಲುಗಳು ಮಾತ್ರ. ಕುಳಿತುಕೊಳ್ಳಲು ಬಂದ ಕೈ ಟವೆಲ್ಲು ಕಂಡು ಹಿಂದೆ ಸರಿಯುತ್ತದೆ. ಬುಟ್ಟಿ ಇಳಿಸಲು ಬಂದವಳು ಮತ್ತೆ ಎತ್ತಿಕೊಳ್ಳುತ್ತಾಳೆ. ಹೀಗೆ ಒಂದು ನಿಮಿಷ. ಮುಖವಿಲ್ಲದ್ದರಿಂದ ಅವಳ ಕೆಲಸ ಅರ್ಧಕ್ಕಿಳಿಯಿತು, ಜನಜಂಗುಳಿಯೂ ಹತ್ತಾರು ಕೈಕಾಲುಗಳಲ್ಲಿ ಮುಗಿಯಿತು. ನಾನು ದಿನವಿಡೀ ಹೆಣಗಿ ಕೊಟ್ಟ ಯಾವ ಸಲಹೆಯೂ ಮಾಡದಿದ್ದ ಉಪಕಾರವನ್ನು ಆ ಮುದುಕರ ಎರಡು ಮಾತು ಮಾಡಿತು.

ಮುಕ್ತಾಯದಲ್ಲಿ ಮಾತ್ರ ನಮಗೆ ಜಗಳವಾಯಿತು. ಸಾಹಿತ್ಯದ ಮನುಷ್ಯನಾದ ನನಗೆ ಮಂಗಳ ಬೇಕು. ಛತ್ರಿ ಟವೆಲ್ಲನ್ನು ಎತ್ತಿದಾಗ ಇನ್ನೊಂದು ಕೈ ಬಂದು ತಡೆಯಲಿ, ಬಸ್ಸಿನವರೆಲ್ಲ ಎದ್ದು ನಿಲ್ಲಲಿ ಎಂದೆ. ಎದ್ದು ನಿಲ್ಲುವವರಲ್ಲಿ ಮೊದಲನೆಯವನು ಚೀಲ ಹಿಡಿದ ಒಬ್ಬ ಮೇಷ್ಟ್ರಾಗಿರಲಿ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನಸ್ಸಿನಲ್ಲಿದ್ದದ್ದು ಅದೇ. ಯಶು ತನ್ನ ಹಾಳೆಗಳನ್ನು ಮತ್ತೆ ಸಾಲಾಗಿ ಜೋಡಿಸಿದಳು.

"ಹಂಗ ಆಗ್ಲಿಲ್ಲಲ್ರಿ ಸರ್."

ಅವಳ ಮುಕ್ತಾಯ ಇದು: ಟವೆಲ್ಲು ಕೆಳಗೆ ಬೀಳುತ್ತದೆ. ಒಂದು ಕೈ ಅದನ್ನು ಎತ್ತಿಕೊಳ್ಳಲು ಚಾಚುತ್ತದೆ, ಅಷ್ಟರಲ್ಲೇ ದೃಶ್ಯ ಬದಲಾಗುತ್ತದೆ. ಆಮೇಲೆ ಬಾಗಿಲ ಬಳಿ ಎರಡು ಕಾಲು. ಚಪ್ಪಲಿ ಬದಲಾಗುತ್ತದೆ, ಬಸ್ಸಿನ ನೆಲದ ತಗಡು ಬದಲಾಗುತ್ತದೆ, ಕಾಲಿನ ನರಗಳು ಉಬ್ಬುತ್ತವೆ, ಹಿಂದೆ ಸೀಟುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಕಡೆಗೆ ಬಸ್ಸೆಲ್ಲ ಖಾಲಿ, ಕಾಲುಗಳು ಅಲ್ಲೇ. ಕತೆ ಯಾಕೆ ಬೇಕು ಎಂಬ ಅವಳ ಮೊದಲ ದಿನದ ಪ್ರಶ್ನೆಗೆ ಉತ್ತರ ಆ ಪುಟದಲ್ಲಿತ್ತು.

ಇನ್ನು ಉಳಿದದ್ದು ಬಟ್ಟೆಯ ತೊಂದರೆ. ಟವೆಲ್ಲು ಎರಡು ಸಲ ಅಲುಗಾಡಲೇಬೇಕು: ಕಿಟಕಿಯಿಂದ ಬೀಳುವಾಗ, ಛತ್ರಿಯಿಂದ ಏಳುವಾಗ. ಇಂಥದ್ದನ್ನು ಊಹಿಸಿ ಮಾಡಲಾಗುವುದಿಲ್ಲವಂತೆ. ನಿಜವಾಗಿ ಮಾಡಿಸಿ, ಮೊಬೈಲಿನಲ್ಲಿ ಹಿಡಿದು, ಒಂದೊಂದೇ ಚಿತ್ರ ನಿಲ್ಲಿಸಿ ನೋಡಿ ಕಲಿಯಬೇಕಂತೆ. ಅದಕ್ಕಾಗಿ ಹನುಮಂತಪ್ಪನ ಹಿತ್ತಲಿನಲ್ಲಿ, ಮನೆ ರಿಪೇರಿಯಲ್ಲಿ ಕಿತ್ತಿಟ್ಟಿದ್ದ ಹಳೆಯ ಕಿಟಕಿಯ ಚೌಕಟ್ಟನ್ನು ಎರಡು ಸ್ಟೂಲುಗಳ ಮೇಲೆ ನಿಲ್ಲಿಸಿ, ಆಚೆಗೆ ಒಂದು ಕುರ್ಚಿ ಹಾಕಿದರು. ಟವೆಲ್ಲು ಎಸೆಯುವವರು ದುರುಗಪ್ಪನವರೇ. ಮೊದಮೊದಲು ಅದು ಚೌಕಟ್ಟಿಗೆ ತಗುಲಿ ಈಚೆಗೇ ಬಿದ್ದಿತು, ಮುದ್ದೆಯಾಗಿ ಬಿದ್ದಿತು, ಕುರ್ಚಿ ದಾಟಿ ತುಳಸಿಗಿಡದ ಮೇಲೆ ಬಿದ್ದಿತು. ಎಡಗೈಯಿಂದ ಒಂದು ಅಂಚು ಹಿಡಿದು ಬಲೆ ಬೀಸಿದಂತೆ ಎಸೆಯಬೇಕೆಂದು, ಈ ಕಲೆಯಲ್ಲಿ ನುರಿತ ನಾನು ಹೇಳಿಕೊಟ್ಟೆ. ಇಪ್ಪತ್ತು ಸಲವಾದ ಮೇಲೆ ಅದು ಬಿಚ್ಚಿಕೊಂಡು ಹಾರಿ ಕುರ್ಚಿಯ ತುಂಬ ಸಾಫಾಗಿ ಕುಳಿತುಕೊಳ್ಳತೊಡಗಿತು. ಸಾಕು ಅಜ್ಜ ಎಂದು ಯಶು ಮೊಬೈಲು ಒಳಗಿಟ್ಟರೂ ಅವರು ನಿಲ್ಲಿಸಲಿಲ್ಲ. ಮರುದಿನ ಬೆಳಿಗ್ಗೆ ನಾನು ಹಾಲಿಗೆ ಹೋಗುವಾಗ, ಹಿತ್ತಲಿನಲ್ಲಿ ಯಾರೂ ಇಲ್ಲದೆ ಅವರೊಬ್ಬರೇ ಎಸೆಯುತ್ತಿದ್ದರು.

ಛತ್ರಿಯ ದೃಶ್ಯಕ್ಕೆ ಬೇಕಾಗಿದ್ದು ಬಾಗಿದ ಹಿಡಿಯ ಹಳೆಯ ಕಪ್ಪು ಛತ್ರಿ. ಬೀದಿಯಲ್ಲಿ ಅದು ಇದ್ದದ್ದು ನನ್ನ ಬಳಿ ಮಾತ್ರ. ಛತ್ರಿಯ ಜೊತೆಗೆ ಕೈಯೂ ನನ್ನದೇ ಎಂದಾಯಿತು. ಕುರ್ಚಿಯ ಮೇಲೆ ಟವೆಲ್ಲು, ಎದುರಿಗೆ ಮೊಬೈಲು ಹಿಡಿದ ಯಶು, ಪಕ್ಕದಲ್ಲಿ ಹನುಮಂತಪ್ಪ, ಬೇಲಿಗೊರಗಿ ದುರುಗಪ್ಪನವರು. ನಾನು ಛತ್ರಿಯ ತುದಿಯನ್ನು ಟವೆಲ್ಲಿನ ಅಡಿಗೆ ತೂರಿಸಿದೆ. ದುರುಗಪ್ಪನವರ ಕಡೆ ಒಮ್ಮೆ ನೋಡಿದೆ, ಟವೆಲ್ಲು ಜಾರಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ದುರುಗಪ್ಪನವರು ಹತ್ತಿರ ಬಂದು, ನಟನೆ ಕಲಿಸುವವರ ತಾಳ್ಮೆಯಿಂದ ಹೇಳಿದರು: "ಹಿಂಗ ಅಂಜಿಕೊಂತ ಅಲ್ರಿ ಮೇಷ್ಟ್ರ. ನನ್ನ ಕಡಿ ನೋಡಬ್ಯಾಡ್ರಿ. ಅವ್ರು ಮಾತಾಡಿಕೊಂತ ಎತ್ತಿದ್ರು."

ಹನುಮಂತಪ್ಪ ನನ್ನ ಬಗಲಿಗೆ ಬಂದು ನಿಂತು, ಈ ನಡುವೆ ರೈಲು ದಿನವೂ ತಡವಾಗುತ್ತಿದೆಯಲ್ಲ ಎಂದು ಮಾತು ತೆಗೆದ. ಹೌದಪ್ಪ, ನಿನ್ನೆ ಗೇಟಿನಲ್ಲೇ ಅರ್ಧ ಗಂಟೆ ನಿಲ್ಲಿಸಿದರು ಎಂದು ನಾನು ಅವನ ಕಡೆ ತಿರುಗಿ ಹೇಳುತ್ತ ಛತ್ರಿ ಚಾಚಿದೆ. ಟವೆಲ್ಲು ಒಂದೇ ಸಲಕ್ಕೆ, ಸಲೀಸಾಗಿ, ಎದ್ದು ಬಂದು ನೆಲಕ್ಕೆ ಬಿತ್ತು. ಯಶು ಸರಿಯಾಯಿತೆಂದಳು. ದುರುಗಪ್ಪನವರೂ ತಲೆಯಾಡಿಸಿ, ಹೌದು, ಹೀಗೇ ಎಂದರು. ಇಷ್ಟು ಸುಲಭವಾಗಿ ಬಂತಲ್ಲ ಎಂದು ನನಗೆ ಹೆದರಿಕೆಯಾಯಿತು. ಕೆಟ್ಟತನಕ್ಕೆ ಹಲ್ಲು ಕಚ್ಚಬೇಕು, ಕಣ್ಣು ಕೆಂಪಾಗಬೇಕು ಎಂದು ಪಾಠಗಳಲ್ಲಿ ಹೇಳಿಕೊಟ್ಟವನು ನಾನು. ರೈಲಿನ ಮಾತಾಡುತ್ತಲೇ ಆಗಿಹೋಗುತ್ತದೆಂಬುದನ್ನು ಕಲಿತದ್ದು ಹನುಮಂತಪ್ಪನ ಹಿತ್ತಲಿನಲ್ಲಿ. ಬೆರಳಿನ ಉಂಗುರವನ್ನು ಚಿತ್ರದಲ್ಲಿ ಅಳಿಸಿಬಿಡುತ್ತೇನೆ, ನಿಮ್ಮ ಕೈಯೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಯಶು ಸಮಾಧಾನ ಹೇಳಿದಳು. ಇರಲಿ ಬಿಡು ಎಂದೆ.

ಕಾನ್ಸೆಪ್ಟು ಒಪ್ಪಿಸುವ ದಿನ ಅವಳು ಮುಂಜಾನೆಯ ಬಸ್ಸಿಗೆ ದಾವಣಗೆರೆಗೆ ಹೋದಳು. ಹನುಮಂತಪ್ಪ ಅಂದು ಶಾಲೆಯಲ್ಲಿ ಹಾಜರಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದನೆಂದು ಆಮೇಲೆ ತಿಳಿಯಿತು. ನಾನು ಮಧ್ಯಾಹ್ನದೊಳಗೆ ಐದು ಸಲ ಅವರ ಮನೆಯ ಮುಂದೆ ಹಾದೆ. ಐದು ಸಲವೂ ಕಾರಣವಿತ್ತು. ಮೂರು ಗಂಟೆಗೆ ಫೋನು ಬಂತು. ಅಧ್ಯಾಪಕರು ಪುಟವನ್ನು ಓದಿ, ಚಿತ್ರಗಳನ್ನು ನೋಡಿ, ಮುಖಗಳೆಲ್ಲಿ ಎಂದು ಕೇಳಿದರಂತೆ. ನಮ್ಮ ಅಜ್ಜ ಬೇಡ ಎಂದಿದ್ದಾರೆ ಎಂದಳಂತೆ ಇವಳು. ಬಟ್ಟೆ ಬೇಡವೆಂದು ಹೇಳಿದ್ದೆವಲ್ಲ ಎಂದದ್ದಕ್ಕೆ ಹಿತ್ತಲಿನ ವೀಡಿಯೋಗಳನ್ನು ತೋರಿಸಿದಳು. ಮೊದಲು ಅಜ್ಜನ ಎಸೆತಗಳು, ಆಮೇಲೆ ನನ್ನ ಛತ್ರಿ. ಛತ್ರಿಯದನ್ನು ಅವರು ಎರಡು ಸಲ ಹಾಕಿಸಿ ನೋಡಿದರು. ಎರಡೇ ಸಲ ಅಲುಗಾಡಿಸಬೇಕು, ಮೂರನೆಯ ಸಲ ಅಲುಗಾಡಿದರೆ ಒಪ್ಪುವುದಿಲ್ಲ ಎಂಬ ಕರಾರಿನ ಮೇಲೆ ಆಯ್ಕೆ ಮಾಡಿದರು. ಈ ವರ್ಷ ಅವಳ ಚಿತ್ರಕ್ಕೆ ಬೇರೆ ಮೂವರು ಕೆಲಸ ಮಾಡುತ್ತಾರೆ. ಬಸ್ಸಿನಲ್ಲಿ ಹುಲ್ಲು ಬೆಳೆಯುವುದಿಲ್ಲವಾದ್ದರಿಂದ ಅವರಿಗೆ ಬೇರೆ ಏನಾದರೂ ಕೊಡಬೇಕು ಎಂದು ಫೋನಿನಲ್ಲೇ ನಕ್ಕಳು.

ಸಿನಿಮಾ ಇನ್ನೂ ಆಗಿಲ್ಲ. ಆಗಲು ಬಹಳ ದಿನ ಬೇಕು. ಆದರೆ ಆಯ್ಕೆಯಾದ ನಂತರದ ಶನಿವಾರ ನಡೆದದ್ದನ್ನು ಹೇಳದೆ ಮುಗಿಸುವಂತಿಲ್ಲ. ಊರಿಗೆ ಬಂದಿದ್ದ ಯಶುವನ್ನು ಕರೆದುಕೊಂಡು, ಮಗಳಿಗೆ ಸುದ್ದಿ ಮುಟ್ಟಿಸಲು ದುರುಗಪ್ಪನವರು ಕೊಟ್ಟೂರಿಗೆ ಹೊರಟಿದ್ದರು. ಹಳೆಯ ಸಹೋದ್ಯೋಗಿಗಳ ಕೂಟವಿದ್ದುದರಿಂದ ನಾನೂ ಹೊರಟಿದ್ದೆ. ಸಂತೆಯ ದಿನದಂಥ ಜನ. ಬಸ್ಸು ಒಳಗೆ ತಿರುಗಿತು. ನಾನು ಹಳೆಯ ಚಟದಂತೆ ಕರವಸ್ತ್ರ ತೆಗೆದುಕೊಂಡು ಓಡಿದೆ. ಈ ಸಲ ನನ್ನ ಲೆಕ್ಕಾಚಾರ ಬೇರೆಯಿತ್ತು. ಎರಡು ಜನರ ಸೀಟು ಹಿಡಿದು, ಅಜ್ಜ ಮೊಮ್ಮಗಳನ್ನು ಕೂರಿಸಿ, ಇಷ್ಟು ವರ್ಷಗಳ ಚೀಲದ ಋಣವನ್ನು ಒಂದೇ ಏಟಿಗೆ ತೀರಿಸಿ, ಅದರ ಸುಖವನ್ನು ಕೊಟ್ಟೂರಿನವರೆಗೂ ಅನುಭವಿಸುವುದು. ಕಿಟಕಿ ಸಿಕ್ಕಿತು, ಎಸೆದೆ, ಕರವಸ್ತ್ರ ಸೀಟಿನ ಮೇಲೆ ಬಿದ್ದದ್ದನ್ನು ಕಣ್ಣಾರೆ ಕಂಡೆ. ಈ ಸಲ ಚಹಾ ಕುಡಿಯಲೂ ನಿಲ್ಲದೆ ನೂಕಾಡಿಕೊಂಡು ಹತ್ತಿದೆ.

ಒಳಗೆ ಹೋಗಿ ನೋಡಿದರೆ ನನ್ನ ಕರವಸ್ತ್ರದ ಕೆಳಗೆ, ಸೀಟಿನ ತುಂಬ, ಒಂದು ಸುಕ್ಕೂ ಇಲ್ಲದೆ, ಒಂದು ಬಿಳಿ ಟವೆಲ್ಲು ಹರಡಿಕೊಂಡಿತ್ತು. ಹಿಂದಿನಿಂದ ದುರುಗಪ್ಪನವರು, ಅವರ ಹಿಂದೆ ಯಶು ಬಂದರು. ಅವರು ಮೇಲಿದ್ದ ನನ್ನ ಕರವಸ್ತ್ರವನ್ನು ಕೈಯಿಂದ ಎತ್ತಿಕೊಂಡು, ನಾಲ್ಕು ಮಡಿಕೆ ಮಾಡಿ, ನನ್ನ ಅಂಗೈಯಲ್ಲಿಟ್ಟರು. ಆಮೇಲೆ ತಮ್ಮ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು, ಮೊಮ್ಮಗಳನ್ನು ಕಿಟಕಿಯ ಕಡೆ ಕೂರಿಸಿ, ತಾವೂ ಕುಳಿತರು. ಬಸ್ಸಿನಲ್ಲಿ ಬೇರೆ ಸೀಟಿರಲಿಲ್ಲ. ನಾನು ಎಲ್ಲಿ ನಿಲ್ಲಬೇಕೆಂದು ಆಚೀಚೆ ನೋಡುತ್ತಿದ್ದಾಗ ಅವರು ತಲೆಯೆತ್ತಿ, ಹಳೆಯ ಜಾಗವೊಂದನ್ನು ಬಿಟ್ಟುಕೊಡುವವರ ಔದಾರ್ಯದಿಂದ ಮುಂಬಾಗಿಲ ಕಡೆ ಕೈ ತೋರಿಸಿದರು.

"ಅಲ್ಲಿ ನಿಂದರ್ರಿ ಮೇಷ್ಟ್ರ, ಗಾಳಿ ಬರತೈತಿ."

ಹೋಗಿ ಕಂಬಿ ಹಿಡಿದು ನಿಂತೆ. ಕಂಡಕ್ಟರು ಬಾಗಿಲು ಹಾಕಿ ಸೀಟಿ ಊದಿದ. ಕೊಟ್ಟೂರು ಬರುವವರೆಗೂ ಒಂದಿಷ್ಟೂ ಗಾಳಿ ಬರಲಿಲ್ಲ.